ಜಿಲ್ಲಾ ಕಾರಾಗೃಹದ ಸಂದರ್ಶಕರ ಮಂಡಳಿಯ ಸದಸ್ಯರು ಭೇಟಿಯ ದಿನ ಏನನ್ನು ನೋಡಬೇಕು, ಏನನ್ನು ಬರೆಯಬೇಕು?

ಪ್ರಶ್ನೆ: ನಿವೃತ್ತ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದ ನನ್ನನ್ನು ನಮ್ಮ ಜಿಲ್ಲಾ ಕಾರಾಗೃಹದ ಸಂದರ್ಶಕರ ಮಂಡಳಿಗೆ ಅಧಿಕಾರೇತರ ಸದಸ್ಯೆಯಾಗಿ ನೇಮಿಸಿದ್ದಾರೆ. ಕಾರಾಗೃಹಕ್ಕೆ ಭೇಟಿ ನೀಡಿ ಅಭಿಪ್ರಾಯ ದಾಖಲಿಸಬೇಕೆಂದು ಆದೇಶದಲ್ಲಿ ಹೇಳಿದೆಯೇ ಹೊರತು, ಏನನ್ನು ಹೇಗೆ ನೋಡಬೇಕೆಂಬುದನ್ನು ಯಾರೂ ತಿಳಿಸಿಲ್ಲ.

ಮಂಡಳಿಯ ಇತರ ಸದಸ್ಯರೊಂದಿಗೆ ಮೊದಲ ಸಲ ಹೋದಾಗ ಅಂಗಳವನ್ನು ಗುಡಿಸಿ ನೀರು ಚಿಮುಕಿಸಿದ್ದರು, ಗೋಡೆಗಳಿಗೆ ಹೊಸದಾಗಿ ಸುಣ್ಣ ಬಳಿದಿದ್ದರು, ಬಂದಿಗಳು ತಮ್ಮ ತಮ್ಮ ಬ್ಯಾರಕ್‌ಗಳ ಮುಂದೆ ಸಾಲಾಗಿ ಕುಳಿತಿದ್ದರು. ಅಡುಗೆಮನೆಯಲ್ಲಿ ಊಟದ ರುಚಿ ನೋಡಿಸಿದರು. ಊಟ ಚೆನ್ನಾಗಿಯೇ ಇತ್ತು. ಜೈಲರ್ ಪಕ್ಕದಲ್ಲಿ ನಿಂತಿರುವಾಗ "ಏನಾದರೂ ತೊಂದರೆ ಇದೆಯೇ" ಎಂದು ಕೇಳಿದೆವು, "ಇಲ್ಲ" ಎಂದರು. ಕಚೇರಿಗೆ ಬಂದು ಸಂದರ್ಶಕರ ಪುಸ್ತಕ ತೆರೆದರೆ, ಹಿಂದಿನ ಪುಟಗಳಲ್ಲೆಲ್ಲ "ಭೇಟಿ ನೀಡಲಾಯಿತು, ವ್ಯವಸ್ಥೆ ತೃಪ್ತಿಕರವಾಗಿದೆ" ಎಂಬ ಒಂದೇ ಸಾಲು ಬೇರೆ ಬೇರೆ ಕೈಬರಹಗಳಲ್ಲಿತ್ತು. ಅದನ್ನೇ ಮತ್ತೊಮ್ಮೆ ಬರೆಯಲು ನನ್ನ ಮನಸ್ಸು ಒಪ್ಪಲಿಲ್ಲ. ದಿನಾಂಕ ಮತ್ತು ವೇಳೆಯನ್ನಷ್ಟೇ ನಮೂದಿಸಿ ಸಹಿ ಹಾಕಿದೆ.

ಮಹಿಳಾ ವಿಭಾಗದಿಂದ ಹೊರಡುವಾಗ ಒಬ್ಬ ಹೆಣ್ಣುಮಗಳು ಮಾತ್ರ ಮೆಲ್ಲನೆಯ ದನಿಯಲ್ಲಿ, ತನಗೆ ಜಾಮೀನು ಆಗಿದೆಯಂತೆ, ಆದರೂ ಏಕೆ ಬಿಡುತ್ತಿಲ್ಲವೋ ತಿಳಿಯದು ಎಂದರು. ಹೆಚ್ಚು ಮಾತನಾಡಲು ಅವಕಾಶವಾಗಲಿಲ್ಲ. ಆ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಮುಂದಿನ ಭೇಟಿಯಲ್ಲಿ ನಾನು ಯಾವ ದಾಖಲೆಗಳನ್ನು ಕೇಳಿ ನೋಡಬಹುದು, ಸಿಬ್ಬಂದಿಯ ಅನುಪಸ್ಥಿತಿಯಲ್ಲಿ ಬಂದಿಗಳೊಂದಿಗೆ ಮಾತನಾಡಬಹುದೇ, ಕಂಡ ಕೊರತೆಯನ್ನು ಬರೆದ ಮೇಲೆ ಅದು ಸರಿಹೋಯಿತೇ ಎಂದು ತಿಳಿಯುವುದು ಹೇಗೆ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಕಾರಾಗೃಹ ಇಲಾಖೆಯ ನಿವೃತ್ತ ಅಧಿಕಾರಿ

ಮೇಡಂ, ಸಂದರ್ಶಕರನ್ನು ಗೇಟಿನ ಒಳಗಿನಿಂದ ಎದುರುಗೊಳ್ಳುತ್ತಿದ್ದವನಾಗಿ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಮೊದಲು ವೇಳೆಯ ಮಾತು. ಪತ್ರ ಬರೆದು ತಿಳಿಸಿ, ಹಗಲು ಹನ್ನೊಂದು ಗಂಟೆಗೆ ಬರುವ ಮಂಡಳಿಗೆ ಕಾರಾಗೃಹದ ಅತ್ಯುತ್ತಮ ಗಂಟೆಯೊಂದೇ ಕಾಣುತ್ತದೆ. ಬೆಳಗ್ಗೆ ಬ್ಯಾರಕ್‌ಗಳ ಬೀಗ ತೆಗೆಯುವ ಹೊತ್ತಿಗೆ ಹೋಗಿ. ರಾತ್ರಿಯೆಲ್ಲ ಮುಚ್ಚಿದ್ದ ಕೊಠಡಿಯ ಗಾಳಿ ಹೇಗಿದೆ, ಒಳಗಿನ ಶೌಚಾಲಯ ಎಷ್ಟು ಜನರ ಪಾಲಿಗೆ ಒಂದಿದೆ, ನಲ್ಲಿಯ ಮುಂದೆ ಎಷ್ಟು ಉದ್ದದ ಸಾಲಿದೆ ಎಂಬುದು ಆಗ ಯಾರೂ ವಿವರಿಸದೆಯೇ ತಿಳಿಯುತ್ತದೆ. ಇನ್ನೊಮ್ಮೆ ಸಂಜೆ ಬೀಗ ಹಾಕುವ ವೇಳೆಗೆ ಹೋಗಿ, ಎಣಿಕೆ ಮುಗಿದ ಮೇಲೆ ಪ್ರತಿ ಬ್ಯಾರಕ್‌ನ ಅಧಿಕೃತ ಸಾಮರ್ಥ್ಯವನ್ನೂ ಅಂದಿನ ಸಂಖ್ಯೆಯನ್ನೂ ಬರೆದುಕೊಳ್ಳಿ. ಇಡೀ ಕಾರಾಗೃಹದ ಒಟ್ಟು ಸಂಖ್ಯೆ ಸಾಮರ್ಥ್ಯದೊಳಗೇ ಇದ್ದರೂ ಒಂದು ಬ್ಯಾರಕ್ ಕಿಕ್ಕಿರಿದು ಇನ್ನೊಂದು ಅರ್ಧ ಖಾಲಿ ಇರುವುದುಂಟು. ಹಾಗಿದ್ದರೆ ಕಾರಣ ಕೇಳಬೇಕು.

ಅಳತೆಗೆ ಆಧಾರ ಬೇಕಾದಲ್ಲಿ ಕೇಂದ್ರ ಗೃಹ ಸಚಿವಾಲಯದ 2016ರ ಮಾದರಿ ಕಾರಾಗೃಹ ಕೈಪಿಡಿ ನಿಮ್ಮ ಕೈಯಲ್ಲಿರಲಿ. ಬ್ಯಾರಕ್‌ನಲ್ಲಿ ತಲಾ 3.71 ಚದರ ಮೀಟರ್ ನೆಲ, ದಿನಕ್ಕೆ ತಲಾ ಸುಮಾರು 135 ಲೀಟರ್ ನೀರು, ಪ್ರತಿ ಆರು ಬಂದಿಗಳಿಗೆ ಒಬ್ಬ ಕಾವಲು ಸಿಬ್ಬಂದಿ, ಪ್ರತಿ 300 ಬಂದಿಗಳಿಗೆ ಒಬ್ಬ ವೈದ್ಯಾಧಿಕಾರಿ ಎಂಬ ಪ್ರಮಾಣಗಳು ಅದರಲ್ಲಿವೆ. "ಇಕ್ಕಟ್ಟಾಗಿದೆ" ಎಂದು ಬರೆದರೆ ಅದು ನಿಮ್ಮ ಅಭಿಪ್ರಾಯವೆಂದು ಬದಿಗಿಡಬಹುದು. ಕೊಠಡಿಯ ಉದ್ದಗಲ ಅಳೆದು, ತಲೆಗೆ ಇಷ್ಟು ನೆಲ ಎಂದು ಬರೆದರೆ ಮೇಲಿನವರು ಉತ್ತರ ಕೊಡಲೇಬೇಕಾಗುತ್ತದೆ.

ಅಡುಗೆಮನೆಯಲ್ಲಿ ರುಚಿ ನೋಡುವುದು ಮರ್ಯಾದೆಯ ಮಾತಾಯಿತು; ಪರಿಶೀಲನೆ ನಡೆಯಬೇಕಾದದ್ದು ಉಗ್ರಾಣದಲ್ಲಿ. ಪಡಿತರ ಪ್ರಮಾಣದ ಪಟ್ಟಿ ಕೇಳಿ, ಅಂದಿನ ಬಂದಿಗಳ ಸಂಖ್ಯೆಯಿಂದ ಗುಣಿಸಿ, ಆ ಬೆಳಗ್ಗೆ ಉಗ್ರಾಣದಿಂದ ಹೊರಬಂದ ಅಕ್ಕಿ, ಬೇಳೆ, ಎಣ್ಣೆಯ ತೂಕದೊಡನೆ ಹೋಲಿಸಿ ನೋಡಿ. ತಕ್ಕಡಿ ತರಿಸಿ ಒಂದು ಮೂಟೆಯನ್ನಾದರೂ ತೂಗಿಸಿ. ಬಂದಿಗಳು ಮನೆಯಿಂದ ಬಂದ ಹಣವನ್ನು ಕ್ಯಾಂಟೀನಿನಲ್ಲಿ ಮುಖ್ಯವಾಗಿ ಯಾವುದಕ್ಕೆ ಖರ್ಚು ಮಾಡುತ್ತಿದ್ದಾರೆ ಎಂಬುದನ್ನೂ ಲೆಕ್ಕದ ಪುಸ್ತಕದಲ್ಲಿ ಗಮನಿಸಿ. ಹೆಚ್ಚಿನವರು ಊಟದ ಪದಾರ್ಥಗಳನ್ನೇ ಕೊಳ್ಳುತ್ತಿದ್ದರೆ ಸರ್ಕಾರ ಕೊಡುವ ಊಟ ಸಾಲುತ್ತಿಲ್ಲವೆಂದೇ ತಿಳಿಯಬೇಕು.

ದಾಖಲೆಗಳ ವಿಷಯದಲ್ಲಿ ಹಿಂಜರಿಯಬೇಡಿ. 1894ರ ಬಂದೀಖಾನೆ ಅಧಿನಿಯಮದ 12ನೇ ಪ್ರಕರಣವೇ ಅಧೀಕ್ಷಕರು ಇಡಬೇಕಾದ ಪುಸ್ತಕಗಳನ್ನು ಹೆಸರಿಸುತ್ತದೆ: ದಾಖಲಾದ ಬಂದಿಗಳ ರಿಜಿಸ್ಟರ್, ಯಾರು ಯಾವಾಗ ಬಿಡುಗಡೆಯಾಗಬೇಕೆಂಬ ಪುಸ್ತಕ, ಶಿಕ್ಷೆಯ ಪುಸ್ತಕ, ಸಂದರ್ಶಕರ ಪುಸ್ತಕ, ಬಂದಿಗಳಿಂದ ತೆಗೆದಿರಿಸಿಕೊಂಡ ಹಣ ಮತ್ತು ವಸ್ತುಗಳ ದಾಖಲೆ. ನಮ್ಮ ರಾಜ್ಯಕ್ಕೆ 1963ರ ಕರ್ನಾಟಕ ಕಾರಾಗೃಹಗಳ ಅಧಿನಿಯಮವೂ 1974ರ ನಿಯಮಗಳೂ ಇವೆ. ಇವುಗಳಲ್ಲಿ ಶಿಕ್ಷೆಯ ಪುಸ್ತಕವನ್ನು ಬಿಡದೆ ನೋಡಿ. ಒಂದು ವರ್ಷವಿಡೀ ಅದರಲ್ಲಿ ಒಂದೂ ನಮೂದಿಲ್ಲದಿದ್ದರೆ ಸಂತೋಷಪಡಬೇಡಿ. ಅಷ್ಟು ಜನರನ್ನು ಕೂಡಿಹಾಕಿರುವ ಕಡೆ ಒಂದೂ ತಪ್ಪು ನಡೆಯದೆ ಇರುವುದಕ್ಕಿಂತ, ಶಿಕ್ಷೆ ಪುಸ್ತಕದ ಹೊರಗೆ ನಡೆಯುತ್ತಿರುವ ಸಾಧ್ಯತೆ ಹೆಚ್ಚು.

ಕಷ್ಟದ ಜೊತೆಗೆ ಸುಖವನ್ನೂ ಪರಿಶೀಲಿಸಬೇಕಾಗುತ್ತದೆ. 2017ರಲ್ಲಿ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ಕೆಲವರಿಗೆ ವಿಶೇಷ ಸೌಲಭ್ಯಗಳು ದೊರೆಯುತ್ತಿವೆ ಎಂದು ಅಂದಿನ ಉಪಮಹಾನಿರೀಕ್ಷಕಿ ಡಿ. ರೂಪಾ ಅವರು ವರದಿ ನೀಡಿದ್ದು, ಸರ್ಕಾರ ಅದರ ಮೇಲೆ ವಿಚಾರಣಾ ಸಮಿತಿ ನೇಮಿಸಿದ್ದು ಎಲ್ಲರಿಗೂ ತಿಳಿದದ್ದೇ. ಸಣ್ಣ ಜಿಲ್ಲಾ ಕಾರಾಗೃಹದಲ್ಲಿಯೂ ಒಂದು ಕೊಠಡಿಯಲ್ಲಿ ಇಬ್ಬರು ಆರಾಮವಾಗಿದ್ದರೆ ಅವರ ಪಾಲಿನ ಜಾಗದ ಕೊರತೆಯನ್ನು ಪಕ್ಕದ ಬ್ಯಾರಕ್‌ನವರು ಅನುಭವಿಸುತ್ತಿರುತ್ತಾರೆ.

ಸಿಬ್ಬಂದಿಯ ಪರವಾಗಿ ಒಂದು ಮಾತು. ಮಂಜೂರಾದ ಹುದ್ದೆಗಳೆಷ್ಟು, ಭರ್ತಿಯಾದವೆಷ್ಟು, ಒಬ್ಬ ವಾರ್ಡರ್ ಎಷ್ಟು ಗಂಟೆ ನಿಂತು ಕೆಲಸ ಮಾಡುತ್ತಾನೆ, ಅವನಿಗೆ ವಾರದ ರಜೆ ಸಿಗುತ್ತಿದೆಯೇ ಎಂದು ಕೇಳಿ ಬರೆಯಿರಿ. ನಿದ್ದೆಗೆಟ್ಟ ಕಾವಲುಗಾರನಿಂದ ತಾಳ್ಮೆಯನ್ನು ನಿರೀಕ್ಷಿಸಲಾಗದು. ಹುದ್ದೆ ತುಂಬಿಸಿರೆಂದು ನಾವು ಬರೆದರೆ ಮೇಲಧಿಕಾರಿಗಳು ಅದನ್ನು ಸ್ವಾರ್ಥವೆಂದು ಎಣಿಸುತ್ತಾರೆ, ನೀವು ಬರೆದರೆ ಓದುತ್ತಾರೆ.

ಉತ್ತರ: ಕಾನೂನು ನೆರವು ವಕೀಲೆ

ಹಿರಿಯ ಅಧಿಕಾರಿಗಳು ಹೇಳಿದ ಬಹುತೇಕ ಮಾತುಗಳನ್ನು ನಾನು ಒಪ್ಪುತ್ತೇನೆ. ಆದರೆ ಕಾರಾಗೃಹದ ಸ್ಥಿತಿಯನ್ನು ಕಟ್ಟಡ, ನೀರು, ಊಟಗಳಿಂದ ಅಳೆಯುವುದಕ್ಕೆ ಮೊದಲು, ಒಳಗಿರುವವರಲ್ಲಿ ಎಷ್ಟು ಮಂದಿ ಅಲ್ಲಿ ಇರಲೇಬಾರದು ಎಂದು ಕೇಳಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ 2022ರ ಅಂಕಿಅಂಶಗಳಂತೆ ದೇಶದ ಕಾರಾಗೃಹಗಳಲ್ಲಿ 4,36,266 ಮಂದಿಗೆ ಜಾಗವಿದ್ದು 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ, ಅಂದರೆ ನಾಲ್ವರಲ್ಲಿ ಮೂವರು, ಇನ್ನೂ ಅಪರಾಧಿಗಳೆಂದು ತೀರ್ಮಾನವಾಗದ ವಿಚಾರಣಾಧೀನ ಬಂದಿಗಳು. ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವಿಚಾರಣಾಧೀನರೇ ದೇಶದ ಎಲ್ಲ ಕಾರಾಗೃಹಗಳನ್ನು ಹೆಚ್ಚುಕಡಿಮೆ ತುಂಬಿಬಿಟ್ಟಿದ್ದಾರೆ.

ಆದ್ದರಿಂದ ನೀವು ಕೇಳಬೇಕಾದ ಮೊದಲ ಕಾಗದ ವಿಚಾರಣಾಧೀನರ ಪಟ್ಟಿ. ಹೆಸರಿನ ಎದುರು ಬಂಧನದ ದಿನಾಂಕ, ಕಲಮು, ವಕೀಲರಿದ್ದಾರೆಯೇ ಎಂಬ ವಿವರ ಇರಲಿ. ಅಪರಾಧ ಪ್ರಕ್ರಿಯೆಯ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಪ್ರಕರಣದ ಪ್ರಕಾರ, ಆಪಾದಿತ ಅಪರಾಧದ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಅವಧಿಯನ್ನು ಒಳಗೆ ಕಳೆದವರನ್ನು, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವರಾದರೆ ಮೂರನೇ ಒಂದರಷ್ಟು ಕಳೆದವರನ್ನು, ಬಿಡುಗಡೆಗೆ ಪರಿಗಣಿಸಬೇಕು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ, ಒಂದಕ್ಕಿಂತ ಹೆಚ್ಚು ಪ್ರಕರಣಗಳು ಬಾಕಿಯಿರುವವರಿಗೆ ಇದು ಅನ್ವಯವಾಗದು. ಅವಧಿ ಮುಗಿದೊಡನೆ ನ್ಯಾಯಾಲಯಕ್ಕೆ ಲಿಖಿತ ಅರ್ಜಿ ಸಲ್ಲಿಸುವ ಹೊಣೆಯನ್ನು ಕಾನೂನು ನೇರವಾಗಿ ಕಾರಾಗೃಹದ ಅಧೀಕ್ಷಕರ ಮೇಲೆ ಹೊರಿಸಿದೆ. ಸಂಹಿತೆ 2024ರ ಜುಲೈ 1ರಂದು ಜಾರಿಗೆ ಬಂದಿತಾದರೂ, ಅದಕ್ಕಿಂತ ಹಿಂದಿನ ಪ್ರಕರಣಗಳ ವಿಚಾರಣಾಧೀನರಿಗೂ ಸಂಹಿತೆಯ ಈ 479ನೇ ಪ್ರಕರಣ ಅನ್ವಯಿಸುತ್ತದೆಂದು ಅದೇ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಅಧೀಕ್ಷಕರು ಇಂತಹ ಎಷ್ಟು ಅರ್ಜಿಗಳನ್ನು ಸಲ್ಲಿಸಿದ್ದಾರೆ ಎಂಬ ಒಂದು ಪ್ರಶ್ನೆಯಿಂದ ಆಡಳಿತದ ಗುಣಮಟ್ಟ ಬಹಳಷ್ಟು ತಿಳಿಯುತ್ತದೆ.

ಆ ಹೆಣ್ಣುಮಗಳ ಮಾತಿಗೆ ಬರುತ್ತೇನೆ. ಜಾಮೀನು ಆದೇಶವಾಗಿಯೂ ಹೊರಬರದಿರುವುದಕ್ಕೆ ಸಾಮಾನ್ಯ ಕಾರಣವೆಂದರೆ ಶ್ಯೂರಿಟಿ ಕೊಡುವವರಿಲ್ಲದಿರುವುದು. 2023ರ ಜನವರಿ 31ರಂದು ಸರ್ವೋಚ್ಚ ನ್ಯಾಯಾಲಯ ಈ ಬಗ್ಗೆ ಸ್ಪಷ್ಟ ನಿರ್ದೇಶನಗಳನ್ನು ನೀಡಿದೆ: ಆದೇಶದ ಪ್ರತಿಯನ್ನು ನ್ಯಾಯಾಲಯವು ಅಂದೇ ಅಥವಾ ಮರುದಿನ ಇ-ಮೇಲ್ ಮೂಲಕ ಕಾರಾಗೃಹಕ್ಕೆ ಕಳುಹಿಸಬೇಕು, ಏಳು ದಿನಗಳೊಳಗೆ ಬಿಡುಗಡೆಯಾಗದಿದ್ದರೆ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು, ಒಂದು ತಿಂಗಳಾದರೂ ಶ್ಯೂರಿಟಿ ಒದಗದಿದ್ದರೆ ಷರತ್ತನ್ನು ಸಡಿಲಿಸಬಹುದೇ ಎಂದು ನ್ಯಾಯಾಲಯ ತಾನಾಗಿಯೇ ಪರಿಶೀಲಿಸಬಹುದು. ಇದರ ಜೊತೆಗೆ ಬಡ ಬಂದಿಗಳ ನೆರವಿಗೆಂದು ಕೇಂದ್ರ ಸರ್ಕಾರದ ಯೋಜನೆಯಿದೆ. 2023ರ ಮಾರ್ಗಸೂಚಿಯಲ್ಲಿ ವಿಚಾರಣಾಧೀನರ ಜಾಮೀನಿಗೆ 40,000 ರೂಪಾಯಿವರೆಗೆ ಜಿಲ್ಲಾ ಸಮಿತಿ ಮಂಜೂರು ಮಾಡಬಹುದೆಂದು ಹೇಳಿದೆ. ದಯವಿಟ್ಟು ಮುಂದಿನ ಭೇಟಿಯವರೆಗೆ ಕಾಯಬೇಡಿ. ನಾಳೆಯೇ ಪ್ರಾಧಿಕಾರದ ಕಾರ್ಯದರ್ಶಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ.

ನಿಮ್ಮ ಮಂಡಳಿ ಯಾರೋ ತೋರಿದ ಸೌಜನ್ಯದಿಂದ ಹುಟ್ಟಿದ್ದಲ್ಲ ಎಂಬುದನ್ನೂ ತಿಳಿದಿರಿ. ತಿಹಾರ್ ಕಾರಾಗೃಹದ ಬಂದಿ ಸುನೀಲ್ ಬಾತ್ರಾ, ಜೊತೆಯ ಬಂದಿಯೊಬ್ಬನ ಮೇಲೆ ನಡೆದ ಚಿತ್ರಹಿಂಸೆಯ ಬಗ್ಗೆ ಬರೆದ ಪತ್ರವನ್ನೇ ಸರ್ವೋಚ್ಚ ನ್ಯಾಯಾಲಯ ಅರ್ಜಿಯೆಂದು ಪರಿಗಣಿಸಿ, ಜಿಲ್ಲಾಧಿಕಾರಿಗಳೂ ಸೆಷನ್ಸ್ ನ್ಯಾಯಾಧೀಶರೂ ಕಾರಾಗೃಹಗಳಿಗೆ ಭೇಟಿ ನೀಡಬೇಕು, ಅವರ ಆದೇಶದ ಅಡಿಯಲ್ಲಿ ದೂರು ಪೆಟ್ಟಿಗೆಗಳನ್ನು ಇರಿಸಿ ತೆರೆಯಬೇಕು ಎಂದು ಹೇಳಿ ನಾಲ್ಕು ದಶಕಗಳು ಕಳೆದಿವೆ. ದೇಶದ 1,382 ಕಾರಾಗೃಹಗಳ ಅಮಾನವೀಯ ಸ್ಥಿತಿಯ ಕುರಿತ ಪ್ರಕರಣದಲ್ಲಿ 2017ರ ಸೆಪ್ಟೆಂಬರ್‌ನಲ್ಲಿ ಅದೇ ನ್ಯಾಯಾಲಯ, ಮಾದರಿ ಕೈಪಿಡಿಯ 29ನೇ ಅಧ್ಯಾಯಕ್ಕೆ ಅನುಗುಣವಾಗಿ ಎಲ್ಲ ರಾಜ್ಯಗಳೂ ಸಂದರ್ಶಕರ ಮಂಡಳಿಗಳನ್ನು ರಚಿಸಬೇಕೆಂದು ಗಡುವು ಹಾಕಿತು. ದೂರು ಪೆಟ್ಟಿಗೆ ನಿಮ್ಮ ಕಾರಾಗೃಹದಲ್ಲಿ ಎಲ್ಲಿದೆ, ಬೀಗದ ಕೈ ಯಾರ ಬಳಿ ಇದೆ, ಕೊನೆಯ ಬಾರಿ ಯಾವಾಗ ತೆರೆದರು ಎಂದು ವಿಚಾರಿಸಿ. ಜೈಲರ್ ಕೊಠಡಿಯ ಬಾಗಿಲ ಪಕ್ಕದ ಪೆಟ್ಟಿಗೆಗೆ ಯಾರೂ ಚೀಟಿ ಹಾಕಲಾರರು.

2024ರ ಅಕ್ಟೋಬರ್ 3ರಂದು ಕಾರಾಗೃಹಗಳೊಳಗಿನ ಜಾತಿ ತಾರತಮ್ಯದ ಕುರಿತ ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪು ಮಂಡಳಿಗೆ ಇನ್ನೊಂದು ಹೊಣೆ ಒಪ್ಪಿಸಿದೆ. ಕಾರಾಗೃಹದ ರಿಜಿಸ್ಟರ್‌ಗಳಲ್ಲಿ ಜಾತಿಯ ಕಾಲಂ ಇರಕೂಡದು. ಜಾತಿ ನೋಡಿ ಕೆಲಸ ಹಂಚುವುದು ನಡೆಯುತ್ತಿದೆಯೇ ಎಂದು ಕಾನೂನು ಸೇವಾ ಪ್ರಾಧಿಕಾರವೂ ಸಂದರ್ಶಕರ ಮಂಡಳಿಯೂ ಜಂಟಿಯಾಗಿ ನಿಯತವಾಗಿ ಪರಿಶೀಲಿಸಬೇಕು. ಅಡುಗೆಗೆ ಯಾರು, ಶೌಚಾಲಯ ತೊಳೆಯಲು ಯಾರು, ಅವರನ್ನು ಆಯ್ದವರು ಯಾರು ಎಂಬುದನ್ನು ನೀವು ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ನನಗಿಂತ ಚೆನ್ನಾಗಿ ಗಮನಿಸಬಲ್ಲಿರಿ.

ಖಾಸಗಿಯಾಗಿ ಮಾತನಾಡುವ ವಿಚಾರದಲ್ಲಿ, ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳು ಪರಿಶೀಲಕರಿಗೆ ಮುನ್ಸೂಚನೆಯಿಲ್ಲದ ಭೇಟಿಯನ್ನೂ ಬಂದಿಗಳೊಡನೆ ಗೋಪ್ಯ ಸಂದರ್ಶನವನ್ನೂ ಸ್ಪಷ್ಟವಾಗಿ ಹೇಳುತ್ತವೆ. ಸಿಬ್ಬಂದಿ ಕಣ್ಣಳತೆಯ ದೂರದಲ್ಲಿ ನಿಲ್ಲಲಿ, ಕಿವಿಯಳತೆಯಲ್ಲಿ ಬೇಡ ಎಂದು ವಿನಯದಿಂದ, ಆದರೆ ಗಟ್ಟಿಯಾಗಿ ಕೇಳಿ. ಒಬ್ಬರನ್ನೇ ಕರೆದು ಮಾತನಾಡಿಸಬೇಡಿ. ಒಂದು ಬ್ಯಾರಕ್‌ನ ಹಲವರೊಡನೆ ಒಬ್ಬೊಬ್ಬರಾಗಿ ಸಮಾನ ಹೊತ್ತು ಮಾತನಾಡಿದರೆ, ಯಾವ ಸಂಗತಿ ಯಾರಿಂದ ಹೊರಬಂತೆಂದು ಗುರುತಿಸುವುದು ಕಷ್ಟ.

ಉತ್ತರ: ಸರ್ಕಾರಿ ವೈದ್ಯ

ವಾರದ ಪಾಳಿಯಲ್ಲಿ ಕಾರಾಗೃಹದ ಬಂದಿಗಳನ್ನು ನೋಡುತ್ತಿದ್ದ ವೈದ್ಯನಾಗಿ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ.

ಬಂದಿ ಒಳಬರುವಾಗ ವೈದ್ಯಕೀಯ ತಪಾಸಣೆ ಮಾಡಿ ಮೈಮೇಲಿನ ಗಾಯ, ಗುರುತುಗಳನ್ನು ದಾಖಲಿಸಬೇಕೆಂದು 1894ರ ಅಧಿನಿಯಮದ 24ನೇ ಪ್ರಕರಣವೇ ಹೇಳುತ್ತದೆ. ಈ ದಾಖಲೆ ಎರಡು ಕಡೆಗೂ ರಕ್ಷಣೆ: ಪೊಲೀಸ್ ವಶದಲ್ಲಾದ ಗಾಯವೋ ಕಾರಾಗೃಹದೊಳಗೆ ಆದದ್ದೋ ಎಂಬುದನ್ನು ಮುಂದೆ ತೀರ್ಮಾನಿಸುವುದು ಇದರಿಂದಲೇ. ಇತ್ತೀಚೆಗೆ ದಾಖಲಾದ ಕೆಲವರ ಚೀಟಿಗಳನ್ನು ತೆಗೆಸಿ ನೋಡಿ. ಎಲ್ಲದರಲ್ಲೂ ಒಂದೇ ರಕ್ತದೊತ್ತಡ, ಒಂದೇ "ಗಾಯಗಳಿಲ್ಲ" ಎಂಬ ಬರಹ ಇದ್ದರೆ ತಪಾಸಣೆ ನಡೆದಿಲ್ಲ.

ಹೊರಗಿನ ಆಸ್ಪತ್ರೆಗೆ ಬರೆದುಕೊಟ್ಟ ದಿನಾಂಕಕ್ಕೂ ನಿಜವಾಗಿ ಕರೆದೊಯ್ದ ದಿನಾಂಕಕ್ಕೂ ಇರುವ ಅಂತರವನ್ನು ಲೆಕ್ಕಹಾಕಿ. ನಾವು ಸ್ಕ್ಯಾನಿಂಗ್‌ಗೆ ಬರೆದು ಕಳುಹಿಸುತ್ತೇವೆ, ಬೆಂಗಾವಲಿಗೆ ಪೊಲೀಸರು ಸಿಗದೆ ದಿನಗಳು ಉರುಳುತ್ತವೆ. ಇದು ಕಾರಾಗೃಹದವರೊಬ್ಬರಿಂದ ಬಗೆಹರಿಯದು. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು ಮಂಡಳಿಯಲ್ಲಿಯೇ ಇರುವುದರಿಂದ ಸಭೆಯಲ್ಲಿ ಅವರೆದುರಿಗೇ ಪಟ್ಟಿ ಇಡಿ. ಸಕ್ಕರೆ ಕಾಯಿಲೆ, ಕ್ಷಯ, ಮೂರ್ಛೆ ರೋಗಕ್ಕೆ ಮಾತ್ರೆ ನುಂಗುವವರಿಗೆ ಬಂಧನವಾದ ದಿನದಿಂದ ಎಷ್ಟು ದಿನ ಔಷಧ ತಪ್ಪಿತು ಎಂಬುದನ್ನೂ ಕೇಳಿ.

ಮಾನಸಿಕ ಆರೋಗ್ಯವನ್ನು ಸಾಮಾನ್ಯವಾಗಿ ಯಾರೂ ವಿಚಾರಿಸುವುದಿಲ್ಲ. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೇ ಮಾನಸಿಕ ಕಾಯಿಲೆ ಮತ್ತು ವ್ಯಸನಗಳ ಹೊರೆಯನ್ನು ನಮ್ಮ ಕಣ್ಣ ಮುಂದಿಟ್ಟಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ 103ನೇ ಪ್ರಕರಣದಂತೆ ಕಾರಾಗೃಹದ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಸಂಬಂಧಪಟ್ಟ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ವರದಿ ಕಳುಹಿಸಬೇಕು. ಆ ವರದಿಯ ಪ್ರತಿ ಕೇಳಿ ನೋಡಿ. ಮದ್ಯ ಬಿಟ್ಟ ಮೊದಲ ಕೆಲವು ದಿನಗಳಲ್ಲಿ ನಡುಕ, ಭ್ರಮೆ, ಮೂರ್ಛೆ ಬರುವುದು ಸಾವಿಗೂ ದಾರಿಯಾಗಬಹುದು. ಹೊಸದಾಗಿ ಬಂದವರನ್ನು ರಾತ್ರಿ ಯಾರು ಗಮನಿಸುತ್ತಾರೆ ಎಂಬ ಪ್ರಶ್ನೆ ಅತಿ ಮುಖ್ಯ.

ಉತ್ತರ: ವಿಚಾರಣಾಧೀನ ಬಂದಿಯೊಬ್ಬರ ತಮ್ಮ

ಅಮ್ಮಾ, ನಮ್ಮ ಅಣ್ಣ ಒಳಗಿದ್ದಾಗ ನಾವು ಹೊರಗಿನಿಂದ ಕಂಡದ್ದನ್ನು ಹೇಳುತ್ತೇನೆ. ಮಂಡಳಿಯವರು ಗೇಟಿನೊಳಗೆ ಹೋಗುವ ಮೊದಲು ಗೇಟಿನ ಹೊರಗೆ ಒಂದು ಗಂಟೆ ಕುಳಿತರೆ ಒಳ್ಳೆಯದು. ಮುಲಾಖತ್‌ಗೆ (ಬಂದಿಗಳ ಭೇಟಿಗೆ) ಬರುವವರು ಬೆಳಗಿನ ಬಸ್ಸಿಗೆ ಹಳ್ಳಿಯಿಂದ ಹೊರಟು ಬಂದಿರುತ್ತಾರೆ. ಅವರಿಗೆ ನೆರಳು, ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ ಇದೆಯೇ, ಯಾವ ಗುರುತಿನ ಚೀಟಿ ಬೇಕೆಂಬುದನ್ನು ಕನ್ನಡದಲ್ಲಿ ಬರೆದು ಹಾಕಿದ್ದಾರೆಯೇ, ಸರದಿಗಾಗಿ ಅಥವಾ ಬಟ್ಟೆ ಒಳಗೆ ಕಳುಹಿಸುವುದಕ್ಕಾಗಿ ಯಾರಾದರೂ ಹಣ ಕೇಳುತ್ತಾರೆಯೇ ಎಂಬುದನ್ನೆಲ್ಲ ಅವರಿಂದಲೇ ತಿಳಿಯಬಹುದು. ಒಳಗಿರುವವರು ಹೇಳಲು ಹೆದರುವುದನ್ನು ಮನೆಯವರು ಹೇಳುತ್ತಾರೆ.

ಇನ್ನೊಂದು ಮನವಿ. ನಮ್ಮ ಅಣ್ಣ ಒಮ್ಮೆ ಭೇಟಿಗೆ ಬಂದ ದೊಡ್ಡವರೊಬ್ಬರಿಗೆ ಕುಡಿಯುವ ನೀರಿನ ತೊಂದರೆ ಹೇಳಿದ. ಅವರು ಅಲ್ಲಿಯೇ ಅಧಿಕಾರಿಯನ್ನು ಕರೆದು, ಅಣ್ಣನತ್ತ ಕೈ ತೋರಿಸಿ ಗದರಿದರು. ಅವರ ಉದ್ದೇಶ ಒಳ್ಳೆಯದೇ. ನೀರು ಸರಿಹೋಯಿತು, ಆದರೆ ಅಣ್ಣನನ್ನು ಬೇರೆ ಬ್ಯಾರಕ್‌ಗೆ ಹಾಕಿದರು, ಆಮೇಲೆ ಅವನು ಯಾರಿಗೂ ಏನೂ ಹೇಳಲಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ವಕೀಲರು ಹೇಳಿದಂತೆ ಆ ಹೆಣ್ಣುಮಗಳ ವಿಷಯದಲ್ಲಿ ಪ್ರಾಧಿಕಾರದ ಕಾರ್ಯದರ್ಶಿಯವರಿಗೆ ಪತ್ರ ಕೊಟ್ಟಿದ್ದೇನೆ; ಕಾನೂನು ನೆರವಿಗೆ ತರಬೇತಿ ಪಡೆದ ಅರೆ ಕಾನೂನು ಸ್ವಯಂಸೇವಕಿ (ಪ್ಯಾರಾ ಲೀಗಲ್) ಒಬ್ಬರನ್ನು ಕಳುಹಿಸುವುದಾಗಿ ತಿಳಿಸಿದ್ದಾರೆ. ತಮ್ಮನವರ ಮಾತು ಓದಿದ ಮೇಲೆ ಒಂದು ಸಂದೇಹ ಉಳಿದಿದೆ. ಹೊಡೆತ ಅಥವಾ ಹಣ ವಸೂಲಿಯ ದೂರು ನನಗೆ ಬಂದರೆ ಅದನ್ನು ಸಂದರ್ಶಕರ ಪುಸ್ತಕದಲ್ಲಿಯೇ ಬರೆಯಬೇಕೇ?

ಉತ್ತರ: ಕಾರಾಗೃಹ ಇಲಾಖೆಯ ನಿವೃತ್ತ ಅಧಿಕಾರಿ

ಪುಸ್ತಕದಲ್ಲಿ ಬರೆಯದಿದ್ದರೆ ಅಧೀಕ್ಷಕರಿಗೆ ಉತ್ತರಿಸುವ ಅವಕಾಶವೇ ಸಿಗುವುದಿಲ್ಲ, ಆರೋಪ ಬೆನ್ನ ಹಿಂದೆ ಹೋದಂತಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಹೆಸರು ಬರೆಯದೆ ಸಂಗತಿಯನ್ನು ಬರೆಯಬಹುದು.

ಉತ್ತರ: ಕಾನೂನು ನೆರವು ವಕೀಲೆ

ಇಲ್ಲಿ ನಾನು ಹಿರಿಯರೊಂದಿಗೆ ಒಪ್ಪಲಾರೆ. ಇಕ್ಕಟ್ಟಿನ ಬ್ಯಾರಕ್‌ನಲ್ಲಿ ಹೆಸರಿಲ್ಲದ ಸಂಗತಿಯೂ ಯಾರದೆಂದು ಸಂಜೆಯೊಳಗೆ ತಿಳಿದುಬಿಡುತ್ತದೆ, ಮತ್ತು ಆ ಪುಸ್ತಕ ಆರೋಪಕ್ಕೆ ಗುರಿಯಾದವರ ಮೇಜಿನ ಮೇಲೆಯೇ ಇರುತ್ತದೆ. ನೀರು, ಊಟ, ಜಾಗ, ಔಷಧ, ಸಿಬ್ಬಂದಿಯ ಕೊರತೆಗಳು ಪುಸ್ತಕಕ್ಕೆ ಹೋಗಲಿ. ಎಲ್ಲಿ, ಎಷ್ಟು, ಯಾರು ಸರಿಪಡಿಸಬೇಕು, ಯಾವ ದಿನಾಂಕದೊಳಗೆ ಎಂದು ಬರೆದು, ನಿಮ್ಮ ಬಳಿ ಒಂದು ಪ್ರತಿ ಇಟ್ಟುಕೊಳ್ಳಿ. ಹಿಂಸೆ ಮತ್ತು ವಸೂಲಿಯ ದೂರುಗಳನ್ನು ಮುಚ್ಚಿದ ಲಕೋಟೆಯಲ್ಲಿ ಮಂಡಳಿಯ ಅಧ್ಯಕ್ಷರಾದ ಜಿಲ್ಲಾ ನ್ಯಾಯಾಧೀಶರಿಗೆ ಅಂದೇ ತಲುಪಿಸಿ, ಗಾಯಗಳಿದ್ದರೆ ಕಾರಾಗೃಹದ ಹೊರಗಿನ ವೈದ್ಯರಿಂದ ತಕ್ಷಣ ತಪಾಸಣೆಗೆ ಕೋರಿ. ಮುಂದಿನ ಭೇಟಿಯಲ್ಲಿ ಆ ಬಂದಿ ಅದೇ ಬ್ಯಾರಕ್‌ನಲ್ಲಿದ್ದಾರೆಯೇ, ಇಲ್ಲದಿದ್ದರೆ ಯಾರ ಆದೇಶದಿಂದ ಯಾವಾಗ ಬದಲಾಯಿಸಿದರು ಎಂಬುದನ್ನು ಮೊದಲು ವಿಚಾರಿಸಿ, ಆಮೇಲೆ ಹಿಂದಿನ ಟಿಪ್ಪಣಿಯ ಒಂದೊಂದು ಸಾಲಿಗೂ ಏನು ಕ್ರಮವಾಯಿತೆಂದು ಕೇಳಿ ಅದರ ಕೆಳಗೇ ಬರೆಯಿರಿ.